ಒಂದು ಬೆರಳು ಪೆಟ್ರೋಲು

೨೮ ಜುಲೈ ೧೯೫೭, ಭಾನುವಾರ

ನಾವೇ ಮೊದಲು, ಗ್ಯಾಲನ್ನಿಗೆ ಎಂಬತ್ತೆಂಟು ಮೈಲಿ! ಸಂಪತ್ ಗೇಟಿನ ಹೊರಗಿಂದಲೇ ಹೇಳಿಬಿಟ್ಟರು. ನಾನು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಅಂಗಳಕ್ಕೆ ಓಡಿದೆ. ಅತ್ತೆ ಅಲ್ಲಿ ಇಲ್ಲದಿದ್ದರೆ ಕುಣಿದೇಬಿಡುತ್ತಿದ್ದೆ.

ಸಂಪತ್, ಸಂಪತ್, ಸಂಪತ್. ಇಲ್ಲಿ ಎಷ್ಟು ಸಲ ಬೇಕಾದರೂ ಬರೆಯಬಹುದು. ಮೊನ್ನೆ ಅತ್ತೆಯ ಎದುರಿಗೆ ಬಾಯಿತಪ್ಪಿ ಗಂಡನ ಹೆಸರು ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರು ಕೇಳಿಸದವರ ಹಾಗೆ ಹೂ ಕಟ್ಟುತ್ತಾ ಕೂತರು. ಹನ್ನೊಂದು ವರ್ಷ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ಆದರೆ ಇಂಗ್ಲಿಷ್ ಬರೆಯಲು ಕೂತರೆ ಸಿಸ್ಟರ್ ಕೆಂಪು ಪೆನ್ಸಿಲ್ ಹಿಡಿದು ಬೆನ್ನ ಹಿಂದೆ ನಿಂತ ಹಾಗಾಗುತ್ತದೆ. ಇದು ಯಾರೂ ತಿದ್ದದ ಪುಸ್ತಕ.

ಪಂದ್ಯದ ವಿಷಯ ಬರೆದಿಡುತ್ತೇನೆ, ಮುದುಕಿಯಾದ ಮೇಲೆ ಓದಿ ನಗಬಹುದು. ಈ ಅರಸೀಕೆರೆ ಸೀಮೆಯಲ್ಲಿ ಸ್ವಂತ ಮೋಟಾರ್ ಸೈಕಲ್ ಇರುವವರೇ ಕಡಿಮೆ. ಅವರಲ್ಲಿ ಮೂವರಿಗೆ ಒಂದೇ ಹುಚ್ಚು. ಕಣಕಟ್ಟೆಯ ಗಂಗಾಧರಪ್ಪನವರು, ಕೊಬ್ಬರಿ ವ್ಯಾಪಾರ, ಎನ್‌ಫೀಲ್ಡ್. ಬೇಲೂರಿನ ಹೈಸ್ಕೂಲ್ ಮೇಷ್ಟರು ಅನಂತರಾಮು, ಮ್ಯಾಚ್‌ಲೆಸ್. ತೆಂಗಿನ ತೋಟಗಳಿಗೆ ಹುಳ ಬಿದ್ದಿದೆಯೇ ಎಂದು ನೋಡಿಬರುವ ಸರ್ಕಾರಿ ಇನ್‌ಸ್ಪೆಕ್ಟರು, ನನ್ನ ಗಂಡ, ಬಿ.ಎಸ್.ಎ. ಭಾನುವಾರ ಒಂಬತ್ತು ಗಂಟೆಗೆ ಮೂವರೂ ಸ್ಟೇಷನ್ ರಸ್ತೆಯ ಸಿದ್ದಬಸಪ್ಪನವರ ಪೆಟ್ರೋಲ್ ಬಂಕಿನಲ್ಲಿ ಸೇರುತ್ತಾರೆ. ಟ್ಯಾಂಕು ಕಂಠಮಟ್ಟ ತುಂಬಿಸಿ ಮೀಟರಿನಲ್ಲಿ ಎಷ್ಟು ಮೈಲಿ ಎಂದು ಬರೆದುಕೊಳ್ಳುತ್ತಾರೆ. ಮುಂದಿನ ಭಾನುವಾರ ಮತ್ತೆ ಕಂಠಮಟ್ಟ. ಈಗ ಎಷ್ಟು ಹಿಡಿಯಿತೋ ಗಾಡಿ ಅಷ್ಟು ಕುಡಿದಿದೆ ಎಂದರ್ಥ. ಓಡಿದ ಮೈಲಿಯನ್ನು ಅದರಿಂದ ಭಾಗಿಸಿದರೆ ಆಯಿತು. ಸಿದ್ದಬಸಪ್ಪನವರು ಅದನ್ನು ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ. ವಾರವಿಡೀ ಊರು ಓದುತ್ತದೆ. ಕೊನೆಗೆ ಬಂದವರು ಉಳಿದವರಿಗೆ ಖಾರಾಬಾತು, ಕಾಫಿ ಕೊಡಿಸಬೇಕು.

ಇಂದಿನಿಂದ ನಮ್ಮ ಗಾಡಿಯ ಲೆಕ್ಕದ ನೋಟುಬುಕ್ಕು ನನ್ನ ಕೈಗೆ. ದಶಮಾಂಶ ಸ್ಥಾನದವರೆಗೆ ಭಾಗಿಸಿ ತೋರಿಸಿದೆ. ಸಂಪತ್ ಬೆರಗಾದರು.

೧ ಆಗಸ್ಟ್, ಗುರುವಾರ

ಈ ಮನೆಯ ಒಂದು ನಿಯಮ ನನಗೆ ಬಹಳ ಇಷ್ಟವಾಯಿತು. ಗಾಡಿ ಬೆನ್ನು ಮುಂದಾಗಿ ಹೊಸಿಲು ಬಿಟ್ಟು ಹೋಗಬಾರದು! ಸಂಪತ್ ಸಂಜೆ ಬಂದು ಮನೆಯತ್ತ ಮುಖಮಾಡಿ ನಿಲ್ಲಿಸುತ್ತಾರೆ. ಬೆಳಗ್ಗೆ ಚಿಕ್ಕಣ್ಣ ಅದನ್ನು ಬೀದಿಯತ್ತ ತಿರುಗಿಸಿ, ಒರೆಸಿ, ದೀಪದ ಮೇಲೆ ಒಂದು ದಾಸವಾಳ ಇಡಬೇಕು. ಅತ್ತೆಯ ಆಜ್ಞೆ.

ಚಿಕ್ಕಣ್ಣ ಮಾವನವರ ಕಾಲದಿಂದ, ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದಾನೆ. ಹಳೇಬೀಡಿನ ಹತ್ತಿರ ಮಾದಿಹಳ್ಳಿಯವನು. ಹಸು ಕರೆಯುತ್ತಾನೆ, ನೀರು ಸೇದುತ್ತಾನೆ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇರುತ್ತಾನೆ. ಇವತ್ತು ಗಾಡಿ ಒರೆಸುತ್ತಾ ನನಗೊಂದು ಗುಟ್ಟು ಹೇಳಿದ. ಬಂಕಿನಲ್ಲಿ ಪಂಪು ಹೊಡೆಯುವವರು ಮುದುಕರಾದರಂತೆ, ಸಿದ್ದಬಸಪ್ಪನವರು ಇವನನ್ನು ಆ ಜಾಗಕ್ಕೆ ಕರೆದಿದ್ದಾರಂತೆ. ದೀಪಾವಳಿ ಪಾಡ್ಯದ ದಿನ ಹೊಸಬ ನಿಲ್ಲಬೇಕು.

"ಕೈಯಾಗ ಹಿಡ್ಕೆ ತಿರುಗಿಸ್ತಿದ್ರೆ ಪಂಪಿನ ಗಾಜಿನ ಬುರುಡೆಗೆ ಎಣ್ಣೆ ಏರ್ತದಲ್ಲ ಚಿಕ್ಕಮ್ಮಾರೇ, ಅದ ನೋಡಕ್ಕೇ ಚಂದ. ಮನೆಯೋಳ್ನೂ ಊರಿಂದ ಕರ್ಕಂಬತ್ತೀನಿ" ಅಂದ.

ಐವತ್ತು ವರ್ಷದವನಿಗೆ ಪೆಟ್ರೋಲ್ ಪಂಪಿನ ಕನಸು. ಸಂಪತ್‌ಗೆ ಹೇಳಿ ಇಬ್ಬರೂ ನಕ್ಕೆವು.

೧೧ ಆಗಸ್ಟ್, ಭಾನುವಾರ

ಎಂತಹ ವಾರ! ಮಂಗಳವಾರ ಹಳೇಬೀಡು. ಸಂಪತ್ ತೋಟಗಳನ್ನು ನೋಡಿಬರುವವರೆಗೆ ನಾನು ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿಂದೆ. ಗುರುವಾರ ಬೇಲೂರು. ಅನಂತರಾಮು ಮೇಷ್ಟರ ಮನೆಯಲ್ಲಿ ಊಟ, ಅವರಿಗೆ ನನ್ನ ಲೆಕ್ಕದ ಪುಸ್ತಕದ ಮೇಲೆ ಬಹಳ ಗೌರವ. ಉಳಿದ ಸಂಜೆಗಳೆಲ್ಲ ಮಾಲೇಕಲ್ಲು ತಿರುಪತಿಯ ದಾರಿ, ಸುಮ್ಮನೆ ಹೋಗುವುದು ಸುಮ್ಮನೆ ಬರುವುದು. ಹಿಂದೆ ಕೂತಾಗ ಗಾಳಿಗೆ ಅವರ ಮಾತು ಅರ್ಧ ಮಾತ್ರ ಕೇಳುತ್ತದೆ, ಉಳಿದರ್ಧ ನಾನೇ ಮಾಡಿಕೊಳ್ಳುತ್ತೇನೆ. ನಾನು ಹಿಂದೆ ಕೂರುತ್ತೇನೆಂದು ಸಂಪತ್ ಬ್ರೇಕನ್ನು ಬಿಗಿ ಮಾಡಿಸಿಕೊಂಡು ಬಂದಿದ್ದಾರೆ. ಎಷ್ಟು ಕಾಳಜಿ.

ಹಲಗೆಯ ಮೇಲೆ ಎಂಬತ್ತು. ಎರಡನೆಯ ಸ್ಥಾನ. ಪರವಾಗಿಲ್ಲ.

೨೫ ಆಗಸ್ಟ್, ಭಾನುವಾರ

ಎಪ್ಪತ್ತೆರಡು. ಸಂಪತ್ ಎಲ್ಲರಿಗೂ ಖಾರಾಬಾತು ಕೊಡಿಸಿ ಬಂದರು.

ಗಂಗಾಧರಪ್ಪನವರು ಬಂಕಿನಲ್ಲಿ ಎಲ್ಲರೆದುರು ಕೇಳಿದರಂತೆ: "ಏನ್ ಸ್ವಾಮಿ, ಹಿಂದ್ಗಡೆ ಸೀಟ್ನಾಗೆ ಕೊಬ್ರಿ ಮೂಟೆ ಹೇರ್ಕಂಡು ತಿರುಗ್ತಾ ಇದ್ದೀರಾ?" ಸಂಪತ್ ಇದನ್ನು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆಮೇಲೆ ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ನಾನು ತೊಂಬತ್ತೆಂಟು ಪೌಂಡು. ಸ್ಕೂಲು ಬಿಡುವಾಗ ತೂಕ ನೋಡಿದ್ದರು. ಕೊಬ್ಬರಿ ಮೂಟೆ ಎಷ್ಟಿರುತ್ತದೆ ಎಂದು ಅತ್ತೆಯನ್ನು ಕೇಳಿದೆ. "ಯಾಕೆ, ನೀನು ಹೊರಬೇಕೇನೇ?" ಅಂದರು.

೨೮ ಆಗಸ್ಟ್, ಬುಧವಾರ

ಸಂಪತ್ ಮೂರು ದಿನದಿಂದ ಒಬ್ಬರೇ ಹೋಗುತ್ತಿದ್ದಾರೆ. ಸಂಜೆಯೂ ಇಲ್ಲ. "ಎರಡು ವಾರ ನೋಡೋಣ ವೇದಾ, ನೀನಿಲ್ಲದೆ ಎಷ್ಟು ಬರುತ್ತೆ ಅಂತ" ಅಂದರು. ಎಷ್ಟು ಮೃದುವಾಗಿ ಹೇಳಿದರೂ ಅದು ತೂಕದ ಮಾತೇ.

ನಾನು ಮೂಟೆಯಲ್ಲವೆಂದು ತೋರಿಸುತ್ತೇನೆ. ಪೆಟ್ರೋಲು ಬೇರೆಲ್ಲೋ ಹೋಗುತ್ತಿರಬೇಕು. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತು, ಬೆರಳಗಲಕ್ಕೊಂದರಂತೆ ಗೆರೆ ಕೊರೆದು ಅಳತೆಗೋಲು ಮಾಡಿದ್ದೇನೆ. ಟ್ಯಾಂಕಿನ ಮುಚ್ಚಳ ತೆಗೆದು ನೆಟ್ಟಗೆ ಇಳಿಸಿದರೆ ಎಲ್ಲಿಯವರೆಗೆ ಒದ್ದೆಯೋ ಅಲ್ಲಿಯವರೆಗೆ ಪೆಟ್ರೋಲು. ಅವರು ಸಂಜೆ ಬಂದಾಗ ಒಂದು ಸಲ, ಬೆಳಗ್ಗೆ ಹೊರಡುವ ಮುಂಚೆ ಒಂದು ಸಲ. ಗಾಡಿ ನಿಂತಲ್ಲೇ ನಿಂತಿರುವಾಗ ಎರಡೂ ಒಂದೇ ಇರಬೇಕಲ್ಲವೇ?

೨ ಸೆಪ್ಟೆಂಬರ್, ಸೋಮವಾರ

ಒಂದೇ ಇಲ್ಲ!

ಗುರುವಾರ ಸಂಜೆ ಐದು ಬೆರಳು, ಶುಕ್ರವಾರ ಬೆಳಗ್ಗೆ ನಾಲ್ಕು. ಶುಕ್ರವಾರ ಸಂಜೆ ಮೂರೂವರೆ, ಶನಿವಾರ ಬೆಳಗ್ಗೆ ಎರಡೂವರೆ. ನಿನ್ನೆಯಿಂದ ಇವತ್ತಿಗೂ ಅಷ್ಟೇ. ತಪ್ಪದೆ ಒಂದು ಬೆರಳು. ಸಂಜೆ ಅವರು ಬಂದ ಮೇಲೆ, ಬೆಳಗ್ಗೆ ನಾನು ಅಳೆಯುವ ಮೊದಲು, ಗಾಡಿಯನ್ನು ಮುಟ್ಟುವವನು ಒಬ್ಬನೇ.

ನನಗೆ ಮೈ ಜುಮ್ಮೆಂದಿತು, ಪತ್ತೇದಾರಿ ಕತೆಯ ಕೊನೆಯ ಪುಟಕ್ಕೆ ಬಂದ ಹಾಗೆ. ಇನ್ನೂ ಹೇಳಿಲ್ಲ. ಒಂದು ವಾರದ ಅಂಕಿ ಇದ್ದರೆ ಯಾರೂ ಅಲ್ಲಗಳೆಯಲಾರರು.

೮ ಸೆಪ್ಟೆಂಬರ್, ಭಾನುವಾರ

ಆಯಿತು. ಬೆಳಗ್ಗೆ ಸಂಪತ್ ನನ್ನ ಅಂಕಿಗಳನ್ನು ನೋಡಿದರು, ತಾವೇ ಕಡ್ಡಿ ಇಳಿಸಿದರು, ನಿನ್ನೆ ಸಂಜೆಗಿಂತ ಒಂದು ಬೆರಳು ಕಡಿಮೆ. ಚಿಕ್ಕಣ್ಣನನ್ನು ಕೊಟ್ಟಿಗೆಯಿಂದ ಕರೆದರು. ಗದರಲಿಲ್ಲ. ಎಷ್ಟು ದಿನದಿಂದ ತೆಗೆಯುತ್ತಿದ್ದೀಯ, ಯಾರಿಗೆ ಕೊಡುತ್ತಿದ್ದೀಯ ಎಂದು ಕೇಳಿದರು, ಅಷ್ಟೇ. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿದ, ಮತ್ತೆ ಮಡಿಸಿದ.

"ಗಾಡಿ ತಿರುಗಿಸ್ತೀನಿ, ಒರುಸ್ತೀನಿ, ಹೂವ ಮಡಗ್ತೀನಿ ಬುದ್ಧಿ. ಮುಚ್ಚಳ ಮುಟ್ಟಿದ್ರೆ ನನ್ನ ಕೈ ಬಿದ್ದೋಗ್ಲಿ."

ಆಮೇಲೆ ನನ್ನ ಕಡೆ ನೋಡಿದ. "ಅಳ್ದೋರು ನೀವಾ ಚಿಕ್ಕಮ್ಮಾರೇ?"

ಹೌದು ಅಂದೆ. ಅತ್ತೆ ಬಾಗಿಲಿನಲ್ಲಿ ನಿಂತಿದ್ದರು, ಏನೂ ಹೇಳಲಿಲ್ಲ. ಚಿಕ್ಕಣ್ಣ ಹಾಸಿಗೆ ಸುತ್ತಿಕೊಂಡು ಹಳೇಬೀಡಿನ ಬಸ್ಸಿಗೆ ಹೋದ.

ಬಂಕಿನಲ್ಲಿ ಎಪ್ಪತ್ತಮೂರು ಎಂದು ಬರೆಯುವ ಮುಂಚೆ ಸಂಪತ್ ಕಾರಣ ಹೇಳಿದರಂತೆ. ಸಿದ್ದಬಸಪ್ಪನವರು ಹಣೆ ಬಡಿದುಕೊಂಡು, ಅಂಥವನನ್ನು ಪಂಪಿಗೇ ನಿಲ್ಲಿಸುತ್ತಿದ್ದೆನಲ್ಲ, ದೇವರು ಉಳಿಸಿದ ಅಂದರಂತೆ. ಗಂಗಾಧರಪ್ಪನವರು ಮೂಟೆಯ ಮಾತಿಗೆ ಕ್ಷಮೆ ಕೇಳಿ, ನನ್ನಂಥ ಜಾಣೆ ಅವರ ಕೊಬ್ಬರಿ ಮಂಡಿಯಲ್ಲಿ ಲೆಕ್ಕಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಅಂದರಂತೆ. ಸಂಜೆ ಮಾಲೇಕಲ್ಲಿನವರೆಗೆ ಹೋಗಿಬಂದೆವು, ಹದಿನಾಲ್ಕು ದಿನದ ಮೇಲೆ. ಗಾಳಿ ತಣ್ಣಗಿತ್ತು. ನನಗೆ ಸಂತೋಷವಾಗಬೇಕು, ಆಗಿದೆ.

೧೧ ಸೆಪ್ಟೆಂಬರ್, ಬುಧವಾರ

ನಿನ್ನೆ ಸಂಜೆ ನಾಲ್ಕು, ಇವತ್ತು ಬೆಳಗ್ಗೆ ನಾಲ್ಕು. ಮೊನ್ನೆಯೂ ಹಾಗೆಯೇ ಸಮ. ಇನ್ನೇನು ಸಾಕ್ಷಿ ಬೇಕು?

ಹಸು ನನಗೆ ಹಾಲು ಬಿಡುವುದಿಲ್ಲ. ಅತ್ತೆಯೇ ಕರೆಯುತ್ತಾರೆ. ನಾನು ಅಳೆದಾದ ಮೇಲೆ ಸಂಪತ್ ತಾವೇ ಗಾಡಿಯನ್ನು ಬೀದಿಯತ್ತ ತಿರುಗಿಸಿಕೊಂಡು ಹೋಗುತ್ತಾರೆ. ದಾಸವಾಳ ಇಡಲು ಯಾರಿಗೂ ನೆನಪಾಗುವುದಿಲ್ಲ.

೨೨ ಸೆಪ್ಟೆಂಬರ್, ಭಾನುವಾರ

ಕಳೆದ ವಾರ ಎಪ್ಪತ್ತನಾಲ್ಕು, ಈ ವಾರ ಎಪ್ಪತ್ತಮೂರು.

ಕಳ್ಳ ಹೋದ ಮೇಲೆ ಏರಬೇಕಿತ್ತು. ಕಾರ್ಬುರೇಟರಿನಲ್ಲಿ ಕಸವಿರಬಹುದು ಅಂದರು ಸಂಪತ್. ಬಿಚ್ಚಿ ತೊಳೆದೂ ಆಯಿತು. ನೋಟುಬುಕ್ಕಿನ ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ದಿನಕ್ಕೊಂದು ಬೆರಳು ನಿಜವಾಗಿ ಹೋಗುತ್ತಿದ್ದರೆ ಗಾಡಿ ಎಪ್ಪತ್ತೆರಡಲ್ಲ, ಐವತ್ತಕ್ಕೂ ಇಳಿಯಬೇಕಿತ್ತು. ಇದನ್ನು ಆಗಲೇ ಯಾಕೆ ಭಾಗಿಸಿ ನೋಡಲಿಲ್ಲ?

ಭಾಗಾಕಾರ ತಪ್ಪಿರಬಹುದು. ನಾಳೆ ಮತ್ತೆ ಮಾಡುತ್ತೇನೆ.

೨೫ ಸೆಪ್ಟೆಂಬರ್, ಬುಧವಾರ

ಎಲ್ಲ ಇದ್ದ ಹಾಗೆ ಬರೆಯಬೇಕು.

ಬೆಳಗ್ಗೆ ಸೌದೆಯ ಗಾಡಿ ಬರುವುದಿತ್ತು. ದಾರಿ ಬಿಡಲೆಂದು ಇವರು ಎದ್ದ ತಕ್ಷಣ ಮೋಟಾರ್ ಸೈಕಲ್ಲನ್ನು ಬೀದಿಯತ್ತ ತಿರುಗಿಸಿ ಪಕ್ಕಕ್ಕೆ ನಿಲ್ಲಿಸಿ ಸ್ನಾನಕ್ಕೆ ಹೋದರು. ನಾನು ಆಗಲೇ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದೆ. ಗಾಡಿಯ ಬಳಿಗೆ ಯಾರೂ ಬರಲಿಲ್ಲ. ನನ್ನ ಕಣ್ಣೆದುರಿಗೇ ಇತ್ತು. ಅಭ್ಯಾಸಕ್ಕೆ ಎದ್ದು ಹೋಗಿ ಕಡ್ಡಿ ಇಳಿಸಿದೆ.

ನಿನ್ನೆ ಸಂಜೆ ಐದು. ಈಗ ನಾಲ್ಕು.

ನಮ್ಮ ಅಂಗಳ ಮನೆಯಿಂದ ಗೇಟಿನವರೆಗೆ ಇಳಿಜಾರು. ಮಳೆನೀರು ಹರಿದುಹೋಗಲೆಂದು ಮಾವನವರು ಹಾಗೆ ಮಾಡಿಸಿದ್ದು. ಸಂಜೆ ಗಾಡಿಯ ಮುಖ ಏರಿನ ಕಡೆ, ಪೆಟ್ರೋಲು ಟ್ಯಾಂಕಿನ ಹಿಂಭಾಗಕ್ಕೆ ಸರಿಯುತ್ತದೆ. ಮುಚ್ಚಳ ಇರುವುದು ಹಿಂಭಾಗದಲ್ಲೇ. ಬೆಳಗ್ಗೆ ಚಿಕ್ಕಣ್ಣ ತಿರುಗಿಸಿದ ಮೇಲೆ ಮುಖ ಇಳಿಜಾರಿಗೆ, ಪೆಟ್ರೋಲೆಲ್ಲ ಮುಂದಕ್ಕೆ. ಕಡ್ಡಿ ಇಳಿದ ಜಾಗದಲ್ಲಿ ಒಂದು ಬೆರಳು ಕಡಿಮೆ. ಎಲ್ಲಿಗೂ ಹೋಗಿಲ್ಲ. ಅಲ್ಲೇ ಇದೆ.

ಸೆರಗು ಸಿಕ್ಕಿಸಿ ಗಾಡಿಯನ್ನು ನಾನೇ ತಿರುಗಿಸಲು ಹೋದೆ. ಅಲುಗಲಿಲ್ಲ. ಅತ್ತೆ ಬಂದು ಏನು ಎತ್ತ ಎಂದು ಕೇಳದೆ ಹಿಂದಿನ ಸೀಟು ಹಿಡಿದು ತಳ್ಳಿದರು. ಮನೆಯ ಕಡೆಗೆ ಐದು. ಬೀದಿಯ ಕಡೆಗೆ ನಾಲ್ಕು. ಮತ್ತೊಮ್ಮೆ ಐದು. ನಾನು ಹೇಳುವುದಕ್ಕೆ ಮುಂಚೆಯೇ ಅತ್ತೆಗೆ ತಿಳಿಯಿತು.

"ತಿರುಗಿಸು ಅಂತ ಅವನಿಗೆ ಹೇಳಿದೋಳು ನಾನು" ಅಂದರು. "ಅವತ್ತು ಬಾಗಿಲಲ್ಲಿ ನಿಂತು ಬಾಯಿ ಬಿಡದೇ ಇದ್ದೋಳೂ ನಾನೇ."

೨೬ ಸೆಪ್ಟೆಂಬರ್, ಗುರುವಾರ

ಇವರಿಗೆ ಹೇಳಲಿಲ್ಲ.

೨೭ ಸೆಪ್ಟೆಂಬರ್, ಶುಕ್ರವಾರ

ಗೊಂಬೆ ಕೂರಿಸಿದ್ದೇವೆಂದು ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಒಬ್ಬರು ನನ್ನ ಗಲ್ಲ ಮುಟ್ಟಿ, ಕಡ್ಡಿಯಲ್ಲಿ ಕಳ್ಳನನ್ನು ಹಿಡಿದ ಹುಡುಗಿ ಇವಳೇ ಏನು ಅಂದರು. ನಾನು ತಲೆ ಬಗ್ಗಿಸಿ ನಾಚಿದವಳ ಹಾಗೆ ಇದ್ದೆ.

೨೯ ಸೆಪ್ಟೆಂಬರ್, ಭಾನುವಾರ

ಬಂಕಿನಿಂದ ಬಂದ ಮೇಲೆ ಹೇಳಿದೆ. ಇವರು ನಂಬಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ನೋಡಿ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತರು. ಅವರು ಕೆಟ್ಟವರಲ್ಲ.

ಚಿಕ್ಕಣ್ಣನನ್ನು ಹಬ್ಬ ಮುಗಿದ ಮೇಲೆ ಕರೆಸಿಕೊಳ್ಳೋಣ, ಮೊದಲಿನ ಹಾಗೇ ಇರಲಿ, ಒಂದು ಪಂಚೆ ಕೊಡೋಣ ಅಂದರು. ಬಂಕಿನಲ್ಲಿ ಹೇಳುವುದಿಲ್ಲವೇ ಎಂದು ಕೇಳಿದೆ.

"ಏನಂತ ಹೇಳಲಿ ವೇದಾ? ನನ್ನ ಹೆಂಡತಿ ಇಳಿಜಾರು ನೋಡಲಿಲ್ಲ, ನಾನೂ ನೋಡಲಿಲ್ಲ ಅಂತಲಾ? ಅವರು ಈ ಜನ್ಮದಲ್ಲಿ ಬಿಡ್ತಾರೇನು?"

ನನ್ನ ಹೆಸರು ಉಳಿಸುವುದಕ್ಕೇ ಹಾಗೆ ಅಂದರು ಎಂದುಕೊಳ್ಳುತ್ತೇನೆ. ಅರ್ಧ ಅದೂ ನಿಜ.

೫ ಅಕ್ಟೋಬರ್, ಶನಿವಾರ

ಹಳೇಬೀಡಿನ ದೇವಸ್ಥಾನಕ್ಕೆಂದು ಹೇಳಿ ಅತ್ತೆ ನನ್ನನ್ನು ಬಸ್ಸಿನಲ್ಲಿ ಮಾದಿಹಳ್ಳಿಗೆ ಕರೆದುಕೊಂಡು ಹೋದರು. ಬಸ್ಸಿಳಿದು ವಿಚಾರಿಸಿದರೆ, ಅಂಗಡಿಯವನು "ಪೆಟ್ರೋಲ್ ಚಿಕ್ಕಣ್ಣನ ಮನೆಯಾ?" ಅಂದ. ಒಂದು ತಿಂಗಳಿಗೆ ಅವನಿಗೆ ಈ ಹೆಸರು ಬಂದಿದೆ.

ಮನೆಯೆಂದರೆ ಒಂದೇ ಅಂಕಣದ ಕೋಣೆ. ಹೆಂಡತಿ ಗಿಡ್ಡಮ್ಮ ಚಾಪೆ ಹಾಸಿದರು. ಚಿಕ್ಕಣ್ಣ ಯಾರದೋ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವನು ಕೆಸರುಗಾಲಲ್ಲೇ ಬಂದು ಹೊರಗೆ ನಿಂತ. ಕೂರು ಎಂದರೂ ಕೂರಲಿಲ್ಲ. ನಾನು ಹೇಳಲು ಶುರು ಮಾಡಿದೆ. ಇಳಿಜಾರು, ಟ್ಯಾಂಕು, ಕಡ್ಡಿ. ಎಲ್ಲ ತಲೆಕೆಳಗಾಯಿತು. ಕೊನೆಗೆ, ತಪ್ಪು ನನ್ನದು, ನೀನು ತೆಗೆದಿಲ್ಲ, ಅಂದೆ.

"ನಂಗೊತ್ತಲ್ಲ" ಅಂದ ಚಿಕ್ಕಣ್ಣ.

ಮನೆಗೆ ಬಾ, ಎಲ್ಲ ಮೊದಲಿನಂತೆ ಎಂದರು ಅತ್ತೆ. ಗಿಡ್ಡಮ್ಮ ನೀರಿನ ಚೊಂಬನ್ನು ನನ್ನ ಮುಂದಿಟ್ಟು ಹೇಳಿದರು:

"ಕಳ್ಳ ಅಂದಿದ್ದು ಬಂಕ್ ತಾವ, ನಾಕ್ ಜನದ ಮುಂದೆ. ಅಲ್ಲ ಅನ್ನೋದು ನಮ್ಮನೆ ಚಾಪೆ ಮ್ಯಾಲಾ ಅವ್ವಾ?"

"ಸುಮ್ಕಿರೇ" ಅಂದ ಚಿಕ್ಕಣ್ಣ, ಆದರೆ ಮೆಲ್ಲಗೆ. ಸಿದ್ದಬಸಪ್ಪನವರು ಪಂಪಿಗೆ ತಿಪಟೂರಿನಿಂದ ಯಾರನ್ನೋ ಕರೆಸುತ್ತಾರಂತೆ, ಪಾಡ್ಯಕ್ಕೆ ಬರುತ್ತಾರಂತೆ. ಅದನ್ನೂ ಗಿಡ್ಡಮ್ಮನೇ ಹೇಳಿದರು.

ಹೊರಡುವಾಗ ಬಸ್ಸಿನವರೆಗೆ ಬಂದವನು, ಮೈಲಿ ಈಗ ಎಷ್ಟು ಬರುತ್ತಿದೆ ಎಂದು ಕೇಳಿದ. ಹೇಳಿದೆ.

"ಹಿಂದಿನ ಬ್ರೇಕು ಚಕ್ರಾನ ಕಚ್ಕಂಡೈತೆ ಚಿಕ್ಕಮ್ಮಾರೇ. ಸ್ರಾವಣದಾಗೆ ಬಿಗಿ ಮಾಡ್ಸಿದ್ರಲ್ಲ, ಆವಾಗಿಂದ. ದಿನಾ ತಳ್ಳೋ ಕೈಗೆ ತಿಳೀತದೆ, ಕುಂತು ಓಡ್ಸೋರ್ಗೆ ತಿಳಿಯಕಿಲ್ಲ. ಒಂದೆಲ್ಡು ಸುತ್ತು ಸಡ್ಲ ಬಿಡಕ್ಕೇಳಿ."

ಯಾಕೆ ಮೊದಲೇ ಹೇಳಲಿಲ್ಲ ಎಂದೆ. ಹೇಳಬೇಕೂಂತಿದ್ದೆ, ಆ ಭಾನುವಾರ ಬುದ್ಧಿಯವರು ಕರೆದಾಗ ಅದನ್ನೇ ಕೇಳೋಕೆ ಕರೆದರು ಅಂದ್ಕೊಂಡೆ, ಅಂದ.

ಬಸ್ಸು ಹೊರಟ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು. ಈ ಮನೆಗೆ ಬಂದ ಮೇಲೆ ಮೊದಲ ಸಲ.

೬ ಅಕ್ಟೋಬರ್, ಭಾನುವಾರ

ಮಾದಿಹಳ್ಳಿಗೆ ಹೋದದ್ದನ್ನೂ ಬ್ರೇಕಿನ ಬಗ್ಗೆ ಚಿಕ್ಕಣ್ಣ ಹೇಳಿದ್ದನ್ನೂ ತಿಳಿಸಿದೆ. ಇವರು ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರು. ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಸಡಿಲ ಮಾಡಿದ ಮೇಲೆ ಸುತ್ತುತ್ತಲೇ ಇತ್ತು. ಇಬ್ಬರೂ ನೋಡುತ್ತಾ ನಿಂತೆವು.

ಹಾಗಾದರೆ ನಾನು ಮೂಟೆಯೂ ಅಲ್ಲ, ಅವನು ಕಳ್ಳನೂ ಅಲ್ಲ. ಇದನ್ನೇ ಇವತ್ತು ಬಂಕಿನಲ್ಲಿ ಹೇಳಿ ಎಂದೆ. ಟ್ಯಾಂಕು ತುಂಬಿಸಿ, ಎಪ್ಪತ್ತಮೂರು ಬರೆಸಿ, ಹೇಳದೆ ಬಂದರು. ಮುಂದಿನ ವಾರ ಅಂದರು.

೧೦ ಅಕ್ಟೋಬರ್, ಗುರುವಾರ, ಬೆಂಗಳೂರು

ಮೊದಲ ದೀಪಾವಳಿಗೆಂದು ಅಣ್ಣ ಬಂದು ಕರೆದುಕೊಂಡು ಬಂದ. ಹಬ್ಬ ಮಂಗಳವಾರ ಇಪ್ಪತ್ತೆರಡಕ್ಕೆ. ಇವರು ಹಿಂದಿನ ದಿನ ಬರುತ್ತಾರೆ. ಸ್ಟೇಷನ್ನಿನಲ್ಲಿ ಬಿಡುವಾಗ, ಈ ಭಾನುವಾರ ಖಂಡಿತ ಹೇಳುತ್ತೇನೆ ಅಂದರು. ರೈಲು ಬಂಕಿನ ಪಕ್ಕದಿಂದ ಹಾದುಹೋಗುವಾಗ ಹಲಗೆ ಕಂಡಿತು. ಓದಲು ಆಗಲಿಲ್ಲ.

ಅಮ್ಮ ಮೂರು ಸೀರೆ ತೆಗೆದಿಟ್ಟಿದ್ದಾಳೆ. ಯಾಕೆ ಇಷ್ಟು ಕಡಿಮೆ ಮಾತಾಡುತ್ತೀಯ, ಅತ್ತೆ ಕಾಟವೇ ಎಂದು ಗುಟ್ಟಾಗಿ ಕೇಳಿದಳು. ಇಲ್ಲಮ್ಮ, ಅತ್ತೆ ಬಹಳ ಒಳ್ಳೆಯವರು ಅಂದೆ. ನಂಬಲಿಲ್ಲ.

೧೬ ಅಕ್ಟೋಬರ್, ಬುಧವಾರ, ಬೆಂಗಳೂರು

ಬೆಳಗಿನ ಟಪಾಲಿನಲ್ಲಿ ಇವರ ಕಾಗದ ಬಂತು. ಮೊದಲ ಸಾಲಿನಲ್ಲೇ ಎಂಬತ್ತೇಳು, ನಾವೇ ಮೊದಲು. ಎರಡನೆಯ ಪುಟದ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಇದಿದೆ: "ಸಿದ್ದಬಸಪ್ಪ ಹಲಗೆ ಬರೆಯುತ್ತಾ, ಕಳ್ಳ ಹೋದ ಮೇಲೆ ನೋಡಿ ಹೇಗೆ ಏರಿತು ಅಂದರು. ಎಲ್ಲರೂ ಹೌದೆಂದರು. ನಾನು ಆಗ ಏನು ಹೇಳುವುದಕ್ಕೂ ತೋಚದೆ ಸುಮ್ಮನಿದ್ದೆ. ನೀನು ಬೇಸರ ಮಾಡಿಕೊಳ್ಳಬೇಡ."

ಮೂರು ಸಲ ಓದಿದೆ. ಚಿಕ್ಕಣ್ಣನವರು ಹೇಳಿಕೊಟ್ಟದ್ದರಿಂದ ಏರಿದ ಮೈಲಿ, ಅವರ ಮೇಲೆ ಹೊರಿಸಿದ ಕಳ್ಳತನಕ್ಕೆ ಸಾಕ್ಷಿಯಾಗಿ ಗೋಡೆಯ ಮೇಲೆ ನಿಂತಿದೆ. ವಾರವಿಡೀ ಊರು ಅದನ್ನು ಓದುತ್ತದೆ. ಮುಂದಿನ ಗುರುವಾರ ಪಾಡ್ಯ, ತಿಪಟೂರಿನವನು ಬಂದು ಪಂಪಿನ ಮುಂದೆ ನಿಲ್ಲುತ್ತಾನೆ. ನಡುವೆ ಇರುವುದು ಒಂದೇ ಭಾನುವಾರ.

ಇವರ ಮೇಲೆ ಸಿಟ್ಟು ಬರಲಿಲ್ಲ. ಇವರು ಆ ಮಾತನ್ನು ಹೇಳಲಾರರು. ಅಳೆದವಳು ನಾನು, ಅಳೆದದ್ದು ತಪ್ಪೆಂದು ಹೇಳಬೇಕಾದವಳೂ ನಾನೇ.

ಊಟದ ಹೊತ್ತಿಗೆ ಅಪ್ಪನಿಗೆ ತಿಳಿಸಿದೆ. ಹಬ್ಬಕ್ಕೆ ಬಂದ ಮಗಳು ಹಬ್ಬದ ಮುಂಚೆ ಗಂಡನ ಊರಿಗೆ ಹೋಗಿ, ಪೆಟ್ರೋಲ್ ಬಂಕಿನಲ್ಲಿ ಗಂಡಸರ ಮುಂದೆ ನಿಂತು ಮಾತಾಡುವುದೇ ಎಂದರು. ಅಮ್ಮ ಅತ್ತಳು. ಅಣ್ಣ ಮಾತ್ರ, ಟಿಕೆಟ್ಟು ನಾನು ತರುತ್ತೇನೆ, ಜೊತೆಗೂ ಬರುತ್ತೇನೆ, ದೂರ ನಿಂತಿರುತ್ತೇನೆ ಅಂದ. ಏನು ಮಾತಾಡಬೇಕೆಂದು ಬರೆದುಕೊಳ್ಳಲು ಕೂತೆ. ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ಬಂತು. ಹರಿದುಹಾಕಿದೆ. ಕನ್ನಡದಲ್ಲಿ ಮೂರೇ ಸಾಲು ಸಾಕಾಯಿತು.

ಅತ್ತೆಗೆ ಒಂದು ಕಾರ್ಡು ಬರೆದೆ: ಯಾರನ್ನಾದರೂ ಮಾದಿಹಳ್ಳಿಗೆ ಕಳಿಸಿ, ಚಿಕ್ಕಣ್ಣನವರೂ ಗಿಡ್ಡಮ್ಮನವರೂ ಭಾನುವಾರ ಒಂಬತ್ತಕ್ಕೆ ಬಂಕಿಗೆ ಬರಬೇಕೆಂದು ನಾನು ಕೇಳಿಕೊಂಡಿದ್ದೇನೆ ಎಂದು ಹೇಳಿಸಿ. ಬರದಿದ್ದರೂ ನಾನು ಹೇಳುವುದನ್ನು ಹೇಳುತ್ತೇನೆ.

ಇವರಿಗೆ ಬರೆದ ಕಾಗದವನ್ನು ಮಾತು ತಪ್ಪದಿರಲೆಂದು ಇಲ್ಲಿ ಇಳಿಸಿಕೊಳ್ಳುತ್ತಿದ್ದೇನೆ.

"ಎಂಬತ್ತೇಳು ಎಂದು ತಿಳಿದು ಸಂತೋಷ. ಅದು ಬ್ರೇಕಿನಿಂದ ಬಂದದ್ದು, ಬ್ರೇಕಿನ ವಿಷಯ ಹೇಳಿದವರು ಯಾರೆಂದು ನಿಮಗೆ ಗೊತ್ತು. ನೀವು ಹೇಳಲಿಲ್ಲವೆಂದು ನನಗೆ ಬೇಸರವಿಲ್ಲ, ನಾನು ಹೇಳುತ್ತೇನೆ. ನನ್ನ ಪಕ್ಕದಲ್ಲಿ ನಿಂತರೆ ಸಾಕು. ನಿಲ್ಲಲಾಗದಿದ್ದರೆ ಸ್ಟೇಷನ್ನಿಗೆ ಬರಬೇಡಿ, ದಾರಿ ನನಗೆ ಗೊತ್ತು. ಮಾತು ಮುಗಿದ ಮೇಲೆ ಹಬ್ಬಕ್ಕೆ ಇಬ್ಬರೂ ಒಟ್ಟಿಗೇ ಬೆಂಗಳೂರಿಗೆ ಬರೋಣ. ನಾನು ಬರುವುದು ಭಾನುವಾರ, ಇಪ್ಪತ್ತನೆಯ ತಾರೀಖು, ಬೆಳಗ್ಗೆ ಎಂಟೂವರೆಗೆ ಅರಸೀಕೆರೆ ಸೇರುವ ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ."